ನಾಲ್ಕು ಮೋಸಂಬಿ

ಮೂರನೆಯ ಹಣ್ಣನ್ನು ಕೊಂಬೆಗೆ ಕಟ್ಟುವಷ್ಟರಲ್ಲಿ ಒಳಗೆ ಪೂಜೆಯ ಗಂಟೆ ನಿಂತಿತು. ಸುವರ್ಣಾ ಬೇಗಬೇಗ ಗಂಟು ಬಿಗಿದಳು. ಇನ್ನು ಅವಳ ಅಜ್ಜ, ಮುತ್ಯಾ, ಪೂಜೆಯ ನೀರಿನ ತಂಬಿಗೆ ಹಿಡಿದು ಹಿತ್ತಲಿಗೆ ಬರುತ್ತಾನೆ. ದಿನವೂ ಆ ನೀರನ್ನು ಈ ಗಿಡದ ಬುಡಕ್ಕೇ ಸುರಿಯುತ್ತಾನೆ.

ಪೇಟೆಯಲ್ಲಿ ಕೊಂಡ ಹಣ್ಣಿಗೆ ತೊಟ್ಟಿರುವುದಿಲ್ಲ. ದಬ್ಬಣದಿಂದ ಸಿಪ್ಪೆಗೆ ಹಸಿರು ದಾರ ಪೋಣಿಸಿ, ಎಲೆಗಳ ಮರೆಯಲ್ಲಿ ಬಿಗಿದಿದ್ದಳು. ಮುಳ್ಳು ಗೀರಿದ ಕೈಯನ್ನು ಓಢಣಿಯಲ್ಲಿ ಮುಚ್ಚಿಕೊಂಡು, ಸ್ಟೂಲನ್ನು ಒಗೆಯುವ ಕಲ್ಲಿನ ಹಿಂದಕ್ಕೆ ತಳ್ಳಿದಳು. ಬೆರಳಿಗೆ ಹತ್ತಿದ ಸಿಪ್ಪೆಯ ವಾಸನೆ ಮಾತ್ರ ಎಷ್ಟು ಒರೆಸಿದರೂ ಹೋಗಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಮುತ್ಯಾನ ಒಂದು ಮಾತು. ನಾಲ್ಕು ವರ್ಷದ ಹಿಂದೆ ಈ ಮೋಸಂಬಿ ಸಸಿ ತಂದುಕೊಟ್ಟವನು ಅಕ್ಕಲಕೋಟೆ ಹತ್ತಿರದ ಮೈಂದರ್ಗಿಯ ಗುರುನಾಥ, ಸುವರ್ಣಾಳ ಕಾಲೇಜಿನ ಗೆಳೆಯ. ಅವನ ಮನೆಯವರದು ಮೋಸಂಬಿ ತೋಟ. ಮುತ್ಯಾನಿಗೆ ಎದೆಯುರಿ, ಡಾಕ್ಟರು ಹುಳಿ ಬಿಡಿಸಿದ್ದರು. “ಇದರಾಗ ಹುಳೀನ ಇರಂಗಿಲ್ರಿ ಮುತ್ಯಾ” ಎಂದು ಗುರುನಾಥ ತಾನೇ ಕುಣಿ ತೋಡಿ ನೆಟ್ಟಿದ್ದ. ಹೋದ ವರ್ಷ ಸುವರ್ಣಾ ಅವನನ್ನೇ ಮದುವೆಯಾಗುತ್ತೇನೆಂದಾಗ ಮುತ್ಯಾ ಸಿಟ್ಟಿಗೆದ್ದು ಹಿತ್ತಲ ಕಡೆ ಕೈ ಮಾಡಿದ. “ಆ ಗಿಡ ಹಣ್ಣ ಬಿಟ್ಟ ದಿವಸ ಹ್ಞೂಂ ಅಂತೀನಿ, ಹೋಗು!”

ಮನೆಯವರು ನಕ್ಕರು. ಸುವರ್ಣಾ ನಗಲಿಲ್ಲ. ತಂದೆಯಿಲ್ಲದ ಅವಳ ಲಗ್ನದ ಮಾತೆಲ್ಲ ಮುತ್ಯಾನ ಕೈಯಲ್ಲೇ ಇತ್ತು. ಮುತ್ಯಾ, ಅಂದರೆ ನವಿ ಪೇಠದ ಬಟ್ಟೆ ವ್ಯಾಪಾರಿ ಚನ್ನವೀರಪ್ಪ, ಆಡಿದ ಮಾತು ತಿರುಗಿಸುವವನಲ್ಲ. ಅಂಗಡಿಯಲ್ಲಿ ಅವನು ಕೆಂಪು ದಾರ ಸುತ್ತಿ ಗಂಟು ಹಾಕಿದನೆಂದರೆ ಹಲ್ಲಿನಿಂದ ಎಳೆದರೂ ಬಿಚ್ಚದು, ಕತ್ತರಿಯೇ ಬೇಕು ಎಂದು ಗಿರಾಕಿಗಳು ಬೈದುಕೊಳ್ಳುತ್ತಿದ್ದರು. ಅವನ ಮಾತೂ ಹಾಗೆಯೇ.

ಸುವರ್ಣಾ ಗಿಡಕ್ಕೆ ಗೊಬ್ಬರ ಹಾಕಿದಳು, ಬೇವಿನ ಹಿಂಡಿ ಹಾಕಿದಳು, ದಿನವೂ ಕೊಡಗಟ್ಟಲೆ ನೀರು ಹಾಕಿದಳು. ಬೆಳೆದದ್ದು ಬರೀ ಎಲೆ. “ನೀರ ನಿಂದರಸು, ಒಂದ ತಿಂಗಳ ತಾಣ ಕೊಡು, ಒಣಗಾಕ ಬಿಡು. ಬಾಯಾರಿದ್ರ ಹೂ ಬಿಡತೈತಿ” ಎಂದು ಗುರುನಾಥ ಫೋನಿನಲ್ಲಿ ಹೇಳುತ್ತಲೇ ಇದ್ದ. ಎಲೆ ಸ್ವಲ್ಪ ಬಾಡಿದರೆ ಸಾಕು, ಅವಳ ಧೈರ್ಯವೂ ಬಾಡುತ್ತಿತ್ತು. ಗಿಡವೇ ಸತ್ತರೆ ಇದ್ದ ಆಸೆಯೂ ಹೋದಂತೆ. ಕೊಡ ಹಿಡಿದು ಓಡುತ್ತಿದ್ದಳು.

ಈಗ ಆ ಹೊತ್ತೂ ಮೀರಿತ್ತು. ಇವತ್ತು ಮಧ್ಯಾಹ್ನ ಊರಿನದೇ ಒಂದು ವ್ಯಾಪಾರಿ ಮನೆತನದವರು ಅವಳನ್ನು ನೋಡಲು ಬರುವವರಿದ್ದರು. ಚಿಕ್ಕಪ್ಪ ಯೋಗಿರಾಜ ಕಾಕಾ ತಂದ ಸಂಬಂಧ. ಮುತ್ಯಾ ಹೌದೆಂದಿರಲಿಲ್ಲ, ಅಲ್ಲವೆಂದೂ ಇರಲಿಲ್ಲ. ನಿನ್ನೆ ಗುರುವಾರ ದರ್ಶನಕ್ಕೆಂದು ಅಕ್ಕಲಕೋಟೆಗೆ ಹೋದವನು ದೀಪ ಹಚ್ಚಿದ ಮೇಲೆ ಬಂದಿದ್ದ. ಚಪ್ಪಲಿಯ ತುಂಬ ಕರಿಮಣ್ಣು. ಬಸ್ಸು ಕೆಟ್ಟಿತು, ನಡೆದೆ ಎಂದ. ಹಿತ್ತಲಲ್ಲಿ ಬಹಳ ಹೊತ್ತು ಕಾಲು ತೊಳೆದು, ಉಣ್ಣದೆ ಮಲಗಿಬಿಟ್ಟ.

ಮುತ್ಯಾ ತಂಬಿಗೆ ಹಿಡಿದು ಬಂದ. ಬುಡಕ್ಕೆ ನೀರು ಸುರಿದ. ಗೋಡೆಯ ಕಡೆಯ ಕೊಂಬೆಯನ್ನೊಮ್ಮೆ ನೋಡಿ ಹೊರಳಿದವನು ಗಕ್ಕನೆ ನಿಂತ.

“ಸುವರ್ಣಾ, ಇದೇನವಾ?”

“ಹಣ್ಣು, ಮುತ್ಯಾ.”

“ಯಾವಾಗ ಬಿಟ್ಟಾವ?”

“ಇವತ್ತ ಮುಂಜಾನಿ ನೋಡೀನಿ.”

ಮುತ್ಯಾ ಅವಳ ಮುಖ ನೋಡಿದ. ಆಮೇಲೆ ಓಢಣಿಯೊಳಗಿನ ಕೈ ನೋಡಿದ. ಸುವರ್ಣಾ ಕೈಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು. ಅಷ್ಟರಲ್ಲಿ ಕಾಕಾ ಮೊಬೈಲು ಹಿಡಿದು ಹೊರಗೆ ಬಂದ.

“ಅಪ್ಪಾ, ಬೀಗರು ಹೊರಡಾಕತ್ತಾರಂತ್ರಿ.” ಗಿಡ ನೋಡಿ ಅವನ ಹುಬ್ಬು ಮೇಲೇರಿತು. “ಇದೇನಿದು? ಒಂದ ಹೂ ಸುದ್ದಾ ಕಂಡಿದ್ದಿಲ್ಲ, ಹಣ್ಣ ಎಲ್ಲಿಂದ ಬಂದ್ವು? ತಡೀರಿ, ಕಿತ್ತಿ ನೋಡತೀನಿ.”

ಕಾಕಾನ ಕೈ ಮೊದಲ ಹಣ್ಣಿನ ಹತ್ತಿರ ಹೋಯಿತು. ಸುವರ್ಣಾ ಕಣ್ಣು ಮುಚ್ಚಿದಳು.

“ಕೈ ಹಿಂದ ತಗಿ!” ಮುತ್ಯಾನ ದನಿಗೆ ಗೋಡೆಯ ಮೇಲಿನ ಪಾರಿವಾಳ ಹಾರಿತು. “ಮದಲಿನ ಹಣ್ಣು ಸಿದ್ಧರಾಮೇಶ್ವರಗ. ನಾ ಕೊಯ್ಯೂತನಕಾ ಯಾರೂ ಮುಟ್ಟಂಗಿಲ್ಲ.”

“ಆದ್ರ ಹೂ ಇಲ್ಲದ...”

“ದಿನಾ ಹಿತ್ತಲಕ್ಕ ಬಂದ ನೋಡಿದ್ದೇನು ನೀ? ಫೋನ ಹಚ್ಚು. ಬರಬ್ಯಾಡ್ರಿ ಅನ್ನು. ಹಿರ್ಯಾ ಮಾತ ಕೊಟ್ಟಾನ, ಗಿಡ ನಾಕ ಹಣ್ಣ ಬಿಟ್ಟೈತಿ ಅಂತ ಹೇಳು.”

ಕಾಕಾ ಗೊಣಗುತ್ತ ಒಳಗೆ ಹೋದ. ಸುವರ್ಣಾಳಿಗೆ ಕುಣಿಯಬೇಕೆನಿಸಲಿಲ್ಲ, ಅಳು ಬಂತು. ಪಾಪ, ಮುತ್ಯಾನಿಗೆ ಮೂರು ಹಣ್ಣು ನಾಲ್ಕಾಗಿ ಕಾಣುತ್ತಿವೆ. ಒಂದು ದಿನವೂ ಸುಳ್ಳಾಡದ ಮುದುಕನಿಗೆ ಹಾಡುಹಗಲೇ ಮೋಸ ಮಾಡಿದ್ದಳು. ಹೇಳಿಬಿಡಲೇ ಎಂದು ಬಾಯಿ ತೆರೆದಳು.

“ಮುತ್ಯಾ, ನಾ...”

“ಏನೂ ಹೇಳಬ್ಯಾಡ.” ಅವನು ಆಗಲೇ ಬಾಗಿಲಲ್ಲಿದ್ದ. “ಇನ್ನ ದಿನಾ ನೀರ ಹಾಕೂದು ಬಿಡು. ಒಂದ ತಿಂಗಳ ತಾಣ ಕೊಡು. ಹೂ ಬಿಡತೈತಿ.”

ಅರಿವೆ ಅಳೆಯುವುದನ್ನು ಬಿಟ್ಟು ಬೇರೇನೂ ಅರಿಯದ ಮುತ್ಯಾ ಇದನ್ನು ಎಲ್ಲಿ ಕಲಿತ? ಯೋಚಿಸಲು ಹೊತ್ತಿರಲಿಲ್ಲ. ಕಾಕಾ ಮತ್ತೆ ಬರುವುದರೊಳಗೆ ದಾರ ಕಾಣದಂತೆ ಎಲೆ ಸರಿಸಬೇಕು. ಸ್ಟೂಲು ಎಳೆದು ಹತ್ತಿದಳು. ಒಂದು, ಎರಡು, ಮೂರು.

ಗೋಡೆಯ ಕಡೆ, ದಟ್ಟ ಎಲೆಯ ಹಿಂದೆ, ಇನ್ನೊಂದು ಹಣ್ಣು ಇತ್ತು.

ಅವಳು ಇನ್ನಷ್ಟು ಬಾಗಿ ನೋಡಿದಳು. ಪೇಟೆಯ ಹಣ್ಣಲ್ಲ ಇದು. ತೊಟ್ಟಿತ್ತು, ತೊಟ್ಟಿನ ಮೇಲೆ ಎರಡು ಹಸಿ ಎಲೆಯೂ ಇದ್ದವು. ಹಾಗಾದರೆ ಗಿಡ ನಿಜವಾಗಿಯೂ ಹಣ್ಣು ಬಿಟ್ಟಿದೆ! ಮುತ್ಯಾನ ಮಾತು ಸುಳ್ಳಾಗಲಿಲ್ಲ! ಕಣ್ಣೊರೆಸಿಕೊಂಡು, ಮೆಲ್ಲಗೆ ಎಲೆ ಸರಿಸಿದಳು.

ತೊಟ್ಟನ್ನು ಕೊಂಬೆಗೆ ಸೇರಿಸಿ ಕೆಂಪು ದಾರ ಸುತ್ತಿತ್ತು. ಹಲ್ಲಿನಿಂದ ಎಳೆದರೂ ಬಿಚ್ಚದ ಗಂಟು.