ಹೋಗ್ಬರ್ತೀನಿ

ಚಂದ್ರನ ಮೇಲಿನ ಸರ್ಕಾರಿ ಅಂತರಿಕ್ಷ ಕೇಂದ್ರದಿಂದ ನಿವೃತ್ತರಾಗಿ ಭೂಮಿಗಿಳಿದವರು ಮತ್ತೆ ಹತ್ತುವಂತಿಲ್ಲ. ಅದು ಅಂದು ನಿವೃತ್ತರಾಗಿ ಹೊರಟಿದ್ದ ಪುಟ್ಟಸ್ವಾಮಯ್ಯನವರಿಗೂ ಗೊತ್ತು. ಆದರೂ ಸಿಬ್ಬಂದಿ ವಿಭಾಗದ ಯಂತ್ರ ಕೊನೆಯ ಮಾತು ಕೇಳಿದಾಗ "ಹೋಗ್ಬರ್ತೀನಿ" ಎಂದುಬಿಟ್ಟರು.

ಇವರು ವಾಪಸು ಬರುತ್ತಾರೆಂದು ತಿಳಿದ ಯಂತ್ರ ಬಿಡುಗಡೆ ಕೊಡಲಿಲ್ಲ.

"ಬರೀ ಹೋಗ್ತೀನಿ ಅನ್ನಿ ಸಾರ್, ನೌಕೆ ಕಾಯ್ತಿದೆ," ಎಂದಳು ಚಂದ್ರನಲ್ಲೇ ಹುಟ್ಟಿ ಬೆಳೆದ ಅಧಿಕಾರಿ ಇಂಚರ.

ಅವರ ನಾಲಿಗೆ ಹೊರಳಲಿಲ್ಲ. ಚಿಕ್ಕಂದಿನಲ್ಲಿ ಹಾಗಂದರೆ ಅವ್ವ ಹೊಸಿಲಿನಿಂದಲೇ ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿಯೇ ಕಳಿಸುತ್ತಿದ್ದಳು.

"ಆಗಲ್ಲ ಕಣಮ್ಮ. ನಮ್ಮನೇಲಿ ಹಾಗನ್ನಲ್ಲ."

ಇಂಚರ ಅವರನ್ನೇ ನೋಡಿದಳು. ಆಮೇಲೆ ತನ್ನ ಕೀಲಿಯಿಂದ ನೌಕೆಯ ಕಡೆಯ ಬಾಗಿಲು ತೆಗೆದಳು. "ಅದಕ್ಕೆ ನಾನೇನನ್ಬೇಕು ಸಾರ್?"

"ಹೋಗ್ಬನ್ನಿ ಅನ್ಬೇಕು."

"ಹೋಗ್ಬನ್ನಿ," ಎಂದಳು.

ಯಂತ್ರ ಅವರ ಕ್ವಾರ್ಟರ್ಸನ್ನು ಅವರ ಹೆಸರಲ್ಲೇ ಉಳಿಸಿಕೊಂಡಿತು.