ತಿಸೊನ್ ಇಲ್ಲದ ಊಟ

"ಇದು ನಿನ್ನ ಮನೇಲಿರಲಿ, ಕರ್ಕೊಂಡು ಹೋಗು," ಎಂದು ಒಲಿಂಡಾ ನಾಯಿಯ ಹಗ್ಗವನ್ನು ತಮ್ಮನ ಕೈಗೆ ಕೊಟ್ಟಳು. ನಿಕಾನೋರ್ ಹಗ್ಗ ನೋಡಿದ, ನಾಯಿ ನೋಡಿದ, ಆಮೇಲೆ ಭಾವನ ಮುಖ ನೋಡಿದ. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಬೆಳಗಿನಿಂದ ಓಡಾಡುತ್ತಿದ್ದ ಅವಳ ಗಂಡ ಎವಾರಿಸ್ತೊ ನಡುವೆಯೇ ನಿಂತುಬಿಟ್ಟ.

"ತಿಸೊನ್ ಏನು ಮಾಡ್ತು ನಿಂಗೆ, ಮುದುಕಿ?"

"ಅದೇನೂ ಮಾಡ್ಲಿಲ್ಲ. ನೀನು ಕೊಟ್ಟಿದ್ದನ್ನ ತಿಂತು, ಅಷ್ಟೇ."

ಅದು ನಿಜ. ಹೋದ ಚಳಿಗಾಲದಲ್ಲಿ ಎವಾರಿಸ್ತೊ ಸೊರಗುತ್ತಾ ಹೋದ, ತಿಸೊನ್ ಊದುತ್ತಾ ಬಂತು. ಕುರಿಗಳ ಉಣ್ಣೆ ಕತ್ತರಿಸಿ ಬಾಳಿದವನು, ಕುರಿ ಮಾಂಸ ತಿಂದೇ ಬೆಳೆದವನು, ಅದೇ ಮಾಂಸ ಗಂಟಲಲ್ಲಿ ಇಳೀತಿಲ್ಲ ಅಂತ ಯಾರ ಹತ್ತಿರ ಹೇಳಿಕೊಂಡಾನು? ಅಗಿದು ಅಗಿದು, ಬಾಯಿ ಒರೆಸಿಕೊಳ್ಳುವ ಹಾಗೆ ಮಾಡಿ, ಮೇಜಿನ ಕೆಳಗೆ ಕೈ ಬಿಡುತ್ತಿದ್ದ. ಸುಡುವ ಮಾಟೆ ಕಷಾಯ ಸಲೀಸಾಗಿ ಇಳಿಯುತ್ತಿದೆಯಲ್ಲ, ಹಾಗಾದರೆ ಒಳಗೆ ಏನೂ ಆಗಿಲ್ಲ ಎಂದು ನಮ್ಮ ಕಡೆಯವರೆಲ್ಲರ ಹಾಗೆ ಅವನೂ ಅಂದುಕೊಂಡಿದ್ದ. ನಾಯಿಯ ಹೊಟ್ಟೆ ನೆಲಕ್ಕೆ ತಾಗುವಂತಾದಾಗ ಒಲಿಂಡಾಗೆ ಅನುಮಾನ ಬಂತು. ಅಷ್ಟರಲ್ಲಿ ಅನ್ನನಾಳದಲ್ಲಿ ಗಡ್ಡೆ ಬೇರೂರಿತ್ತು.

ಆಮೇಲೆ ನರಕ್ಕೆ ಔಷಧಿ ಹನಿಸಿದರು, ಎದೆಗೆ ಕಿರಣ ಬಿಟ್ಟರು. ನಿನ್ನೆ ಮೊಂಟೆವಿಡಿಯೊದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದಳು: "ಗಡ್ಡೆ ಈಗ ಕಾಣಿಸ್ತಿಲ್ಲ. ಕಾಣಿಸ್ತಿಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲ. ಈಗ ಎರಡು ದಾರಿ. ಅನ್ನನಾಳ ತೆಗೆದು, ಜಠರವನ್ನ ಎದೆಗೆ ಎಳೆದು ಜೋಡಿಸೋದು ಒಂದು. ದೊಡ್ಡ ಆಪರೇಷನ್ನು, ಕೆಲವರು ಏಳೋದೇ ಇಲ್ಲ, ಎದ್ದವರೂ ಆಮೇಲೆ ಗುಬ್ಬಿ ಹಾಗೆ ಚೂರುಚೂರೇ ತಿನ್ನಬೇಕು. ಇನ್ನೊಂದು, ಕೊಯ್ಯದೆ ಕಾಯೋದು. ನಾವು ಕರೆದಾಗೆಲ್ಲ ಬಂದು ಕ್ಯಾಮೆರಾ ನುಂಗಬೇಕು. ನಡುವೆ ಒಂದು ತುತ್ತು ಸಿಕ್ಕಿಕೊಂಡ್ರೂ ಅವತ್ತೇ ಹೇಳಬೇಕು. ಬೇಗ ಗೊತ್ತಾದ್ರೆ ಆಗಲೂ ಕೊಯ್ಯಬಹುದು. ಯಾವುದನ್ನ ಆರಿಸಿದ್ರೂ ತಪ್ಪಲ್ಲ. ಡೋನ್ ಎವಾರಿಸ್ತೊ, ನೀವು ಹೇಳೋ ಪೈಕಿಯವರಾ?"

ಅವನು ಬಾಯಿ ತೆರೆಯುವ ಮೊದಲೇ ಒಲಿಂಡಾ ನಕ್ಕುಬಿಟ್ಟಿದ್ದಳು. ಅದು ಸಂತೋಷದ ನಗುವಾಗಿರಲಿಲ್ಲ. ನಾಳೆ ಬೆಳಿಗ್ಗೆ ಫೋನ್ ಮಾಡಿ ಉತ್ತರ ಹೇಳಬೇಕು.

"ಕೂತ್ಕೋ ಭಾವ, ನೆಲ ಸವೀತದೆ," ಎಂದ ನಿಕಾನೋರ್.

ಕೂತ. ಒಲಿಂಡಾ ಮಾಟೆ ಎಲೆ ತುಂಬಿದ ಸೋರೆಬುರುಡೆಗೆ ನೀರು ಹೊಯ್ದು ಕೊಟ್ಟಳು. ಎವಾರಿಸ್ತೊ ಹೀರುವ ಕೊಳವೆಗೆ ಬಾಯಿಟ್ಟು ಒಂದು ಸಲ ಎಳೆದು ಮುಖ ಕಿವುಚಿದ.

"ಉಗುರುಬೆಚ್ಚಗಿದೆ. ಹೆಣ್ಣು ಕೇಳೋಕೆ ಬಂದ ಬೇಡದ ಗಂಡಿಗೆ ಕೊಡೋ ಮಾಟೆ ಇದು. ಮೊಮ್ಮಕ್ಕಳಾದ ಮೇಲೆ ನನ್ನ ಬೇಡ ಅಂತಿದ್ದೀಯ?"

"ಸುಡೋದು ಕುಡೀಬಾರ್ದು ಅಂದಿದಾರೆ ಡಾಕ್ಟರಮ್ಮ. ನೀನು ಬೇಡವಾಗಿದ್ರೆ ಕುದಿಯೋ ನೀರೇ ಹೊಯ್ತಿದ್ದೆ."

ನಿಕಾನೋರ್ ಕಿಸಕ್ಕನೆ ನಕ್ಕ. ಉಳಿದಿಬ್ಬರು ನಗಲಿಲ್ಲ.

"ಕೊಯ್ಯಿಸ್ಕೋ, ಮುದುಕ," ಎಂದಳು ಒಲಿಂಡಾ. "ಆಗೋದು ಆಗಿಹೋಗ್ಲಿ. ನೀನು ನುಂಗೋ ಸದ್ದಿಗೆ ಕಿವಿ ಕೊಟ್ಟುಕೊಂಡು ಕೂರೋಕೆ ನನ್ನ ಕೈಲಾಗಲ್ಲ."

"ಎಷ್ಟು ಕುರಿ ನನ್ನ ಕಾಲಡಿ ಬಂದು ಹೋಗಿದಾವೆ! ಎದೆ ಸೀಳಿಸಿಕೊಂಡು ಎದ್ದು ಹೋಗಿ ಹುಲ್ಲು ಮೇಯ್ದಿದ್ದು ಒಂದೂ ಇಲ್ಲ. ಕಾಯೋಣ. ಸಿಕ್ಕಿಕೊಂಡ್ರೆ ಹೇಳ್ತೀನಿ, ಆಣೆ."

"ನಾಯಿಗೆ ಹೇಳ್ತೀಯ."

ಬುರುಡೆ ಅವನ ಕೈಯಲ್ಲೇ ತಣ್ಣಗಾಯಿತು.

"ಅದಿಲ್ದೆ ಒಂದು ಊಟ ಮಾಡಿ ತೋರಿಸು," ಎಂದಳು. "ಇವತ್ತು, ನನ್ನೆದುರಿಗೆ. ಆಮೇಲೆ ನಾನೇ ಫೋನ್ ಮಾಡಿ, ಕಾಯ್ತೀವಿ ಅಂತೀನಿ."

"ಒಂದೇನು, ನೂರು ಮಾಡ್ತೀನಿ. ಹಾಕು."

ನಿಕಾನೋರ್ ನಾಯಿಯನ್ನು ಎಳೆದುಕೊಂಡು ಹೊರಟ. ತಿಸೊನ್ ನಾಲ್ಕೂ ಕಾಲೂರಿ ಜಗ್ಗಿತು, ಅಂಗಳ ದಾಟುವ ತನಕ ತಿರುಗಿ ತಿರುಗಿ ನೋಡಿತು.

ಒಲಿಂಡಾ ಕೆಂಡದ ಮೇಲಿಂದ ಪಕ್ಕೆಲುಬಿನ ಮಾಂಸ ತೆಗೆದು ಬಡಿಸಿದಳು, ಬದಿಗೆ ಬೇಯಿಸಿದ ಕುಂಬಳಕಾಯಿ. ಗಾಳಿಗೆ ಮಾಡಿನ ತಗಡು ಬಡಿದುಕೊಳ್ಳುತ್ತಿತ್ತು. ಎವಾರಿಸ್ತೊ ಸಣ್ಣಗೆ ಕತ್ತರಿಸಿ ಬಾಯಿಗಿಟ್ಟು, ಅಗಿದು, ನುಂಗಿದ. ಅವಳ ಕಣ್ಣು ಅವನ ಗಂಟಲ ಮೇಲೆ ಒಂದು ಕ್ಷಣ ನಿಂತು, ತಟ್ಟೆಗೆ ಇಳಿಯಿತು. ಎರಡನೆಯ ತುತ್ತೂ ಹೋಯಿತು. "ನೋಡಿದ್ಯಾ?" ಎಂದ. ಅವಳು ಉಪ್ಪು ಮುಂದಕ್ಕೆ ತಳ್ಳಿದಳು.

ಮುಂದಿನ ತುಂಡಲ್ಲಿ ನಾರಿತ್ತು. ಅಗಿದ. ಇನ್ನೂ ಅಗಿದ. ಕುರ್ಚಿಯಲ್ಲಿ ಸರಿದು ಕೂತ, ಕಿಟಕಿ ಕಡೆ ನೋಡಿದ, ಮತ್ತೆ ಅಗಿದ.

"ಏನು?"

"ಏನಿಲ್ಲ," ಎಂದು ಬಾಯಿ ಒರೆಸಿಕೊಂಡ.

ಸ್ವಲ್ಪ ಹೊತ್ತಾದ ಮೇಲೆ ಅವನಿಗೇ ಏನೋ ವಿಚಿತ್ರವೆನಿಸಿತು. ತೇವದ ಮೂತಿ ತಾಗಲಿಲ್ಲ, ಬೆಚ್ಚನೆಯ ನಾಲಗೆ ಬರಲಿಲ್ಲ. ಬಗ್ಗಿ ನೋಡಿದ. ಎಡಗೈ ಮೇಜಿನ ಕೆಳಗೆ ಮೊಣಕಾಲಿನ ಪಕ್ಕ ಅಂಗೈ ತೆರೆದುಕೊಂಡು ಕಾಯುತ್ತಿತ್ತು. ಅದರಲ್ಲಿ ಅಗಿದ ಮಾಂಸ. ಯಾವಾಗ ಅಲ್ಲಿಗೆ ಹೋಯಿತೋ ಅವನಿಗೆ ತಿಳಿಯದು.

ಒಲಿಂಡಾ ತಲೆ ಎತ್ತಿರಲಿಲ್ಲ. ಸುಮ್ಮನೆ ನೆಲಕ್ಕೆ ಬಿಟ್ಟು ಕಾಲಲ್ಲಿ ತಳ್ಳಿದ್ದರೆ ಆಗಿಹೋಗುತ್ತಿತ್ತು. ಅವನು ಕೈಯನ್ನು ಮೇಲಕ್ಕೆ ತಂದು ಆ ತುಂಡನ್ನು ಅವಳ ತಟ್ಟೆಯ ಪಕ್ಕ ಇಟ್ಟ.

ಅವಳ ಮುಖದಲ್ಲಿ ರಕ್ತವಿಲ್ಲದಂತಾಯಿತು. "ಸಿಕ್ಕಿಕೊಳ್ತಾ?"

"ಇಲ್ಲ. ನುಂಗೋಕೆ ನೋಡಲೇ ಇಲ್ಲ." ಆ ಕೈ ಬೇರೆ ಯಾರದೋ ಎನ್ನುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದ. "ಗಂಟಲು ಸರಿಯಾಗೇ ಇರಬಹುದು, ಮುದುಕಿ. ನಂಗೆ ಈ ಕೈ ಮೇಲೆ ನಂಬಿಕೆ ಇಲ್ಲ. ಫೋನ್ ಮಾಡು, ಕೊಯ್ಯಲಿ."