ಏಳನೇ ಲೋಕದ ಶ್ರುತಿ

ಒಂದೊಂದು ಲೋಕಕ್ಕೂ ಒಂದೊಂದು ಶ್ರುತಿ. ಬಾಗಿಲುಕಲ್ಲಿನ ಮುಂದೆ ಆ ಲೋಕದ ಶ್ರುತಿಕವೆಯನ್ನು, ಅಂದರೆ ಎರಡು ಕವಲಿನ ಉಕ್ಕಿನ ಕಡ್ಡಿಯನ್ನು, ಮಿಡಿದರೆ, ನಾದ ನಿಲ್ಲುವವರೆಗೆ ದಾರಿ ತೆರೆದಿರುತ್ತದೆ. ಆ ಬೆಳಿಗ್ಗೆ ಕಾವಲಿನ ಅಧಿಕಾರಿ ಏಳನೇ ಲೋಕದ ಕವೆಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದ.

"ಇನ್ನು ಆ ಲೋಕಕ್ಕೆ ಯಾರೂ ಹೋಗುವಂತಿಲ್ಲ. ಮೇಲಿನವರ ಆಜ್ಞೆ."

"ನನ್ನ ಮಗಳು ಅಲ್ಲಿ ತುಂಬು ಬಸುರಿ ಕಣಪ್ಪ," ಎಂದಳು ಸಾಲಿನ ಮುಂದಿದ್ದ ಚೆಲುವಮ್ಮ.

"ಕವೆಯಿಲ್ಲದೆ ಹೇಗೆ ಹೋಗ್ತೀರಮ್ಮ, ಹಾರಿಕೊಂಡಾ?"

ಚೆಲುವಮ್ಮ ಬಾಣಂತಿ ಖಾರದ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಆ ನಾದವನ್ನು ಗಂಟಲಲ್ಲೇ ಹಿಡಿದಳು. ಕಲ್ಲು ತೆರೆಯಿತು. ಆದರೆ ಹಾಡುವವಳೇ ಒಳಗೆ ಕಾಲಿಟ್ಟರೆ ಈಚೆ ನಾದ ಕಡಿದು ದಾರಿ ಅವಳ ಮೇಲೆಯೇ ಮುಚ್ಚಿಕೊಳ್ಳುತ್ತದೆ. ಅವಳು ಹೊಸ್ತಿಲಲ್ಲೇ ನಿಂತಳು.

ಅಧಿಕಾರಿ ನಕ್ಕ. "ಹಾಡಿ, ಹಾಡಿ. ಉಸಿರು ಎಲ್ಲಿವರೆಗೆ ಬರುತ್ತೋ ನೋಡೋಣ."

ಸಾಲಿನಲ್ಲಿ ಅವಳ ಹಿಂದಿದ್ದ ಮಗ್ಗದ ಇಮಾಂಸಾಬಿ ಬೀಡಿ ಎಸೆದು ಅದೇ ಶ್ರುತಿ ಹಿಡಿದ. ನಿತ್ಯ ಓಡಾಡುವವರಿಗೆಲ್ಲ ಅದು ಬಾಯಿಪಾಠ. ಅವನ ಹಿಂದಿನವರು ಹಿಡಿದರು, ಅವರ ಹಿಂದಿನವರೂ ಹಿಡಿದರು.

"ಬಾಯಿ ಮುಚ್ಚಿ!" ಅಧಿಕಾರಿ ಕಿರುಚಿದ. "ಎಲ್ಲರನ್ನೂ ಒಳಗೆ ಹಾಕಿಸ್ತೀನಿ!"

ಒಬ್ಬರೂ ಮುಚ್ಚಲಿಲ್ಲ. ಚೆಲುವಮ್ಮ ಮಾತ್ರ ಹಾಡು ನಿಲ್ಲಿಸಿ ಸೆರಗು ಬಿಗಿದಳು.

"ಕಿವಿಗೆ ಹತ್ತಿ ಇಟ್ಕೊಳ್ಳಪ್ಪ. ಬಾಣಂತನ ಮುಗಿಸಿ ಬರುವಾಗ ಆ ಕಡೆಯವರೂ ಹಾಡ್ತಾರೆ," ಎಂದು ದಾಟಿಯೇಬಿಟ್ಟಳು.